ಜೆಪ್ಪುವಿನ ಭಾನುವಾರಗಳು

2006ರ ಜೂನ್ ತಿಂಗಳಲ್ಲಿ ನಾನು ಬೆಟಗೇರಿಯಿಂದ ಮಂಗಳೂರಿಗೆ ಬಂದೆ. ರಾತ್ರಿ ಬಸ್ಸು. ಬೆಳಗಿನ ಜಾವ ಎಚ್ಚರವಾದಾಗ ಕಿಟಕಿಯ ಆಚೆ ಮಳೆ ಬಿಟ್ಟರೆ ಏನೂ ಕಾಣಲಿಲ್ಲ. ನಮ್ಮ ಕಡೆ ಮಳೆ ಬಂದರೆ ಜನ ಕಟ್ಟೆಯ ಮೇಲೆ ನಿಂತು ನೋಡುತ್ತಾರೆ. ಇಲ್ಲಿ ಎಲ್ಲರೂ ಕೊಡೆ ಬಿಚ್ಚಿಕೊಂಡು ತಮ್ಮ ಪಾಡಿಗೆ ನಡೆಯುತ್ತಿದ್ದರು. ನನ್ನ ಹತ್ತಿರ ಕೊಡೆ ಇರಲಿಲ್ಲ. ಒಂದು ಟ್ರಂಕು, ಅಪ್ಪ ಮಗ್ಗದಲ್ಲಿ ನೇಯ್ದ ಒಂದು ಹೊದಿಕೆ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಗಂಟು. ಅಷ್ಟೇ. ಬಲ್ಮಠದ ನಮ್ಮ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಹಾಸ್ಟೆಲ್ ಮುಟ್ಟುವಷ್ಟರಲ್ಲಿ ಎಲ್ಲವೂ ನೆನೆದಿತ್ತು, ರೊಟ್ಟಿ ಮಾತ್ರ ಉಳಿದಿತ್ತು.

ವಾರವೆಲ್ಲ ಪಾಠ, ವಾರದ ಕೊನೆಗೆ ಸಭೆಯಲ್ಲಿ, ಅಂದರೆ ಒಂದು ಚರ್ಚಿನ ಜನರ ನಡುವೆ, ಸೇವೆ. ಈಗಿನವರು ಅದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ಜೆಪ್ಪು ಕಡೆಯ ಒಂದು ಸಭೆ. ಸಂಡೆ ಸ್ಕೂಲ್ ಮಕ್ಕಳಿಗೆ ಪಾಠ, ಆರಾಧನೆಯಲ್ಲಿ ವೇದಪಾಠ ಓದುವುದು, ಸಭಾಪಾಲಕರ ಜೊತೆ ಮನೆ ಭೇಟಿ, ಯಾವಾಗಲಾದರೂ ಒಂದು ಪ್ರಸಂಗ, ಅಂದರೆ ಉಪದೇಶ. ಕೆಲಸ ಅಂತ ನೋಡಿದರೆ ಇಷ್ಟೇ. ಕಷ್ಟ ಇದ್ದದ್ದು ಮಾತಿನಲ್ಲಿ.

ಗುಡಿಯೊಳಗೆ, ಅಂದರೆ ಚರ್ಚಿನೊಳಗೆ, ಕನ್ನಡ; ಅಂಗಳಕ್ಕೆ ಬಂದರೆ ತುಳು. ಆಶೀರ್ವಾದ ಮುಗಿದು ಬಾಗಿಲು ದಾಟಿದ ಕೂಡಲೇ ಎಲ್ಲರ ಮಾತು ಬದಲಾಗಿಬಿಡುತ್ತಿತ್ತು. ನಗು, ಗುಂಪು, ಮದುವೆಯ ಸುದ್ದಿ, ಮೀನಿನ ರೇಟು. ನಾನು ಚಪ್ಪಲಿ ಹಾಕಿಕೊಂಡು ಗೋಡೆಯ ಬದಿಗೆ ಸುಮ್ನೆ ನಿಂತಿರುತ್ತಿದ್ದೆ. ಯಾರೂ ನನ್ನನ್ನು ದೂರ ಇಟ್ಟಿರಲಿಲ್ಲ, ಅದು ನಿಜ. ಆದರೂ ಮಾತು ಅರ್ಥವಾಗದ ಕಡೆ ನಿಂತವನಿಗೆ ಬೇರೆಯವರ ನಗು ಎಷ್ಟು ದೂರ ಕೇಳಿಸುತ್ತದೆ ಅಂತ ಅವತ್ತು ನನಗೆ ಗೊತ್ತಾಯಿತು.

ನನ್ನ ಮೊದಲ ಪ್ರಸಂಗ ಕೇಳಿದ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ವಿಷಯ ಒಳ್ಳೇದುಂಟು. ಆದರೆ ನಿಮ್ಮ ಘಟ್ಟದ ಮೇಲಿನ ಕನ್ನಡ ಸ್ವಲ್ಪ ಜೋರಾಯ್ತು ಮಾರಾಯ್ರೇ." ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಒಳಗೆ ನಾಟಿತು. ಅವತ್ತಿನಿಂದ ನಾನು ನನ್ನ ಮಾತನ್ನು ಸೋಸಲು ಶುರು ಮಾಡಿದೆ. "ಹೌದ್ರೀ" ಹೋಯಿತು, "ಬರ್ರೀ" ಹೋಯಿತು. ಪ್ರಸಂಗ ಬರೆದು, ಊರಿನ ಮಾತುಗಳಿಗೆಲ್ಲ ಗೆರೆ ಹೊಡೆದು, ಪುಸ್ತಕದ ಮಾತು ಹಾಕುತ್ತಿದ್ದೆ. ಲೈಬ್ರರಿಯಲ್ಲಿ ಕಿಟ್ಟೆಲ್ ನಿಘಂಟು ಇತ್ತಲ್ಲ, 1894ರಲ್ಲಿ ಇದೇ ಊರಿನಲ್ಲಿ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಅದನ್ನೇ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಹೀಗೆ ಕೆಲವು ತಿಂಗಳು ಯಾರದೋ ಅಂಗಿ ತೊಟ್ಟವನಂತೆ ಮಾತಾಡಿದೆ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಅಜ್ಜಿ. ಗುಡಿಯಿಂದ ಐದು ನಿಮಿಷದ ನಡಿಗೆ, ಇಳಿಜಾರಿನ ಕೊನೆಯ ಮನೆ. ಎಂಬತ್ತು ದಾಟಿತ್ತು. ಮೊಣಕಾಲು ಹಿಡಿದುಕೊಂಡಿದ್ದರಿಂದ ಗುಡಿಗೆ ಬರಲು ಆಗುತ್ತಿರಲಿಲ್ಲ. ಸಭಾಪಾಲಕರು, "ಭಾನುವಾರ ಮಧ್ಯಾಹ್ನ ಅವರ ಹತ್ತಿರ ಹೋಗಿ ಒಂದು ಅಧ್ಯಾಯ ಓದಿ ಬನ್ನಿ" ಎಂದರು. ಮೊದಲ ದಿನ ಬಾಗಿಲಲ್ಲಿ ನಿಂತಾಗ ಒಳಗಿನಿಂದ "ಬಲ ಮಗಾ" ಅಂತ ಕರೆದರು. ಬಾ ಮಗಾ ಅಂತ. ಅದಕ್ಕೆ ಅರ್ಥ ಯಾರೂ ಹೇಳಬೇಕಾಗಲಿಲ್ಲ.

ನಾನು ಓದಿದೆ. ಅವರು ಕೇಳಿದರು. ಆಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಹುರಿದ ಬಂಗುಡೆ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಆ ದಪ್ಪ ಅಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ಮೂರನೇ ವಾರಕ್ಕೆ ಅದೇ ಬೇಕು ಅನಿಸತೊಡಗಿತು.

ನನ್ನ ಅಪ್ಪ ನೇಕಾರ ಅಂತ ತಿಳಿದ ದಿನ ಅವರಿಗೆ ಭಾರಿ ಖುಷಿ. ಅವರ ಅಜ್ಜಿ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ನೂಲು ಸುತ್ತುತ್ತಿದ್ದರಂತೆ, ಅಪ್ಪ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಇದ್ದರಂತೆ. ಹಿತ್ತಲಿನಿಂದ ಒಂದು ಹಳೆಯ ಹಂಚು ತರಿಸಿ ನನ್ನ ತೊಡೆಯ ಮೇಲಿಟ್ಟರು. ಒಂದು ಮೂಲೆ ಮುರಿದಿತ್ತು, ಪಾಚಿ ಕಟ್ಟಿತ್ತು. ನಾನು ಅದನ್ನು ತಿರುಗಿಸಿ ಬೆರಳಿನಿಂದ ಉಜ್ಜಿದೆ. ಕೆಂಪು ಮಣ್ಣಿನಲ್ಲಿ ಉಬ್ಬಿದ ಅಕ್ಷರಗಳು ಒಂದೊಂದಾಗಿ ಎದ್ದವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್. ಅವರಿಗೆ ಕಣ್ಣು ಮಂದ. ನನ್ನ ಬೆರಳಿನ ಪಕ್ಕದಲ್ಲೇ ತಮ್ಮ ಬೆರಳು ಓಡಿಸಿ ಅಕ್ಷರಗಳನ್ನು ಓದಿಕೊಂಡರು.

1834ರಲ್ಲಿ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು ಅಂತ ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದೆವು. 1847ಕ್ಕೆ ತುಳುವಿನಲ್ಲಿ ಹೊಸ ಒಡಂಬಡಿಕೆ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ಸಭೆಗೆ ಸೇರಿದವರಿಗೆ ಮನೆ, ಗದ್ದೆ, ಕುಲದ ಕಸುಬು ಕೈ ತಪ್ಪಿ ಹೋಗುತ್ತಿತ್ತು, ಹೊಟ್ಟೆಗೆ ಒಂದು ದಾರಿ ಬೇಕಿತ್ತು, ಅದಕ್ಕೇ ಮಗ್ಗ, ಅದಕ್ಕೇ ಹಂಚು. ನೋಟ್ಸಿನಲ್ಲಿ ಇದು ಎರಡು ಸಾಲು. ಅಜ್ಜಿಯ ಜಗಲಿಯಲ್ಲಿ ಕೂತು ಕೇಳಿದ ಮೇಲೆ ನನಗೆ ಆ ಸಭೆಯ ಜನ ಬೇರೆಯಾಗಿ ಕಂಡರು. ಎಲ್ಲವನ್ನೂ ಹೊಸದಾಗಿ ಶುರು ಮಾಡಿದವರ ಮೊಮ್ಮಕ್ಕಳು ಅವರು. ನಮ್ಮ ಬೆಟಗೇರಿಗೂ ಅದೇ ಮಿಷನ್ ಬಂದಿತ್ತು. ಎರಡು ಊರಿನ ನಡುವೆ ನಾನು ಕಾಣದ ಒಂದು ನೂಲು ಮೊದಲಿನಿಂದಲೇ ಇತ್ತು.

ಆಮೇಲೆ ತುಳು ಕಲಿಯಲು ಶುರು ಮಾಡಿದೆ. ಸಂಡೆ ಸ್ಕೂಲ್ ಮಕ್ಕಳೇ ನನ್ನ ಮಾಸ್ತರರು. ನಾನು ಬೈಬಲ್ ಕತೆ ಹೇಳಬೇಕು, ಅವರು ದಿನಕ್ಕೆ ಐದು ತುಳು ಪದ ಕಲಿಸಬೇಕು. ಅಂಗಳದಲ್ಲಿ "ಉಣಸ್ ಆಂಡಾ?" ಅಂತ ನಾನೇ ಮೊದಲು ಕೇಳಿದ ಭಾನುವಾರ, ಊಟ ಆಯ್ತಾ ಅಂತ ಅಷ್ಟೇ ಕೇಳಿದ್ದು, ಒಂದು ಗುಂಪು ಪೂರ್ತಿ ನನ್ನ ಸುತ್ತ ನಿಂತಿತು.

ಸುಗ್ಗಿ ಹಬ್ಬವನ್ನು ಬಿಡುವ ಹಾಗಿಲ್ಲ. ತೆಂಗಿನಕಾಯಿ, ಬಸಳೆ, ಹೀರೆಕಾಯಿ, ಕೋಳಿ, ಮಲ್ಲಿಗೆ, ಮನೆಯಲ್ಲಿ ಮಾಡಿದ ತಿಂಡಿ, ಎಲ್ಲ ಗುಡಿಯ ಮುಂದೆ ರಾಶಿ. ಆರಾಧನೆ ಆದ ಮೇಲೆ ಏಲಂ. ಅವ್ವ ಬಸ್ಸಿನಲ್ಲಿ ಕಳಿಸಿದ್ದ ಇಪ್ಪತ್ತು ಖಡಕ್ ರೊಟ್ಟಿಗಳನ್ನು ನಾನೂ ಇಟ್ಟಿದ್ದೆ. ಏಲಂನಲ್ಲಿ ಪಡೆದವರು ಮತ್ತೆ ಏಲಂಗೇ ಕೊಟ್ಟರು. ಹೀಗೆ ಮೂರು ಸಲ. ನಾಲ್ಕನೇ ಸಲ ತೆಗೆದುಕೊಂಡದ್ದು, ನನ್ನ ಕನ್ನಡ ಜೋರು ಅಂದಿದ್ದ ಅದೇ ಹಿರಿಯರು. ಅಲ್ಲೇ ಮುರಿದು ಎಲ್ಲರಿಗೂ ಹಂಚಿದರು. ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತೇ ಬೇಕಾಯಿತು.

ಮಾರ್ಚ್ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದರು. ನನ್ನ ವರ್ಷವೂ ಮುಗಿಯುತ್ತಾ ಬಂದಿತ್ತು. ಕೊನೆಯ ಭಾನುವಾರ ಹೋದಾಗ ಅವರು ಅಧ್ಯಾಯ ಬೇಡ, ಪ್ರಾರ್ಥನೆ ಮಾಡು ಎಂದರು. ನಾನು ಅವರ ಕೈ ಹಿಡಿದು ತುಳುವಿನಲ್ಲೇ ಶುರು ಮಾಡಿದೆ. ಮಕ್ಕಳು ಕಲಿಸಿದ ಪದಗಳನ್ನೆಲ್ಲ ಒಂದೊಂದಾಗಿ ಜೋಡಿಸುತ್ತಾ ಹೋದೆ. ಮೊಣಕಾಲಿನ ನೋವು ಅನ್ನುವ ಹತ್ತಿರ ನಿಂತುಹೋದೆ. ನೋವಿಗೆ ತುಳು ಮಾತು ಬರಲಿಲ್ಲ. "ನೋವು" ಅಂತ ಕನ್ನಡದಲ್ಲೇ ಹೇಳಿದೆ.

ಅಜ್ಜಿ ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಿನಲ್ಲೇ ಮೆಲ್ಲಗೆ, "ಬೇನೆ" ಅಂದರು.

ನನ್ನ ಅವ್ವನ ಮಾತು ಅದು. ಹೊಟ್ಟೆ ಹಿಡಿದುಕೊಂಡು ಮಲಗಿದಾಗ, ಜ್ವರ ಬಂದಾಗ, ಹಣೆ ಮುಟ್ಟಿ "ಏನ್ ಬ್ಯಾನಿ ಐತೋ ನನ್ನಪ್ಪಾ" ಅನ್ನುತ್ತಿದ್ದಳಲ್ಲ, ಅದೇ. ನನ್ನ ಪ್ರಸಂಗದ ಹಾಳೆಯಲ್ಲಿ ನಾನೇ ಗೆರೆ ಹೊಡೆದು ತೆಗೆದ ಮಾತು.

"ಬೇನೆ" ಅಂತ ನಾನೂ ಹೇಳಿ, ಮುಂದುವರಿಸಿದೆ.