ಎರಡು ಹೆಣ್ಣು ಮಕ್ಕಳಿರುವ ಮನೆಗೆ ಒಂದು ಚೆನ್ನೆಮಣೆ

28 ಜುಲೈ 2024, ಭಾನುವಾರ
ಪುತ್ತೂರು

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಜಗಲಿಯಲ್ಲಿ ಗೋಣಿ ಹಾಸಿ ಕೂತು ಎರಡನೇ ಸಾಲಿನ ಗುಳಿಗಳನ್ನೂ ಕೆತ್ತಿ ಮುಗಿಸಿದೆ. ಸಾಲಿಗೆ ಏಳು, ಒಟ್ಟು 14. ಗೆಳತಿ ಮೈಸೂರಿನಲ್ಲಿ ಮನೆ ಕಟ್ಟಿಸಿದ್ದಾಳೆ, ಶ್ರಾವಣದಲ್ಲಿ ಒಕ್ಕಲು. ಗೋಡೆ ಗಡಿಯಾರ, ದೇವರ ಫೋಟೋ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನದು ಚೆನ್ನೆಮಣೆ, ಗುಳಿಗಳಿಗೆ ಕಾಳು ಹಾಕಿ ಇಬ್ಬರು ಕೂತು ಆಡುವ ಮಣೆ.

ಮರ ಹಲಸಿನದು. ಹಳೇ ಕೊಟ್ಟಿಗೆ ಬಿಚ್ಚಿದಾಗ ಉಳಿದ ತೊಲೆಯ ತುಂಡು. ಹಸಿ ಮರದಲ್ಲಿ ಕೆತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಒಂದು ಇಂಚು ದಪ್ಪದ ಹಲಗೆ ಗಾಳಿಗೆ ಒಣಗಲು ಸುಮಾರು ಒಂದು ವರ್ಷ ಬೇಕು ಅನ್ನುವುದು ಮರಗೆಲಸದವರ ಲೆಕ್ಕ. ಈ ತೊಲೆಗೆ ಆ ಚಿಂತೆ ಇಲ್ಲ, ಅದು ಕುಗ್ಗುವಷ್ಟು ಯಾವತ್ತೋ ಕುಗ್ಗಿಯಾಗಿದೆ. ಮೇಲೆ ಹೊಗೆ ಹಿಡಿದು ಕಪ್ಪಾಗಿತ್ತು. ಕೀಸುಳಿ ಹೊಡೆದ ಮೇಲೆ ಒಳಗಿಂದ ಅರಸಿನದ ಬಣ್ಣ ಬಂತು. ಬಿಸಿಲು, ಗಾಳಿ ತಾಗಿದಂತೆ ಅದು ನಿಧಾನಕ್ಕೆ ಕಂದಾಗುತ್ತದೆ. ಹಲಸಿನ ಚೇಗಿನ, ಅಂದರೆ ಒಳಗಿನ ಗಟ್ಟಿ ತಿರುಳಿನ, ಪುಡಿ ಕುದಿಸಿ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುತ್ತಿದ್ದರಂತೆ. ನನ್ನ ಪಂಚೆ ನೋಡಿದರೆ ಅದನ್ನು ನಂಬಲು ಕಷ್ಟವಿಲ್ಲ.

ಗುಳಿ ತೋಡುವುದರಲ್ಲೇ ಎಲ್ಲ ಇರುವುದು. ಬಾಗಿದ ಉಳಿಯನ್ನು ಅಂಚಿನಿಂದ ತಳಕ್ಕೆ ಇಳಿಸಬೇಕು. ತಳ ಮುಟ್ಟಿದ ಮೇಲೆ ಅಲ್ಲಿಗೇ ನಿಲ್ಲಿಸಿ, ಮಣೆ ತಿರುಗಿಸಿ, ಆಚೆ ಅಂಚಿನಿಂದ ಮತ್ತೆ ಇಳಿಸಬೇಕು. ತಳದಿಂದ ಮೇಲಕ್ಕೆ ಹತ್ತಿಸಲು ಹೋದರೆ ನಾರು ಎದ್ದು ಸಿಬಿರು ಕಿತ್ತು ಬರುತ್ತದೆ. ಕೊನೆಗೆ ಕೊಡತಿ ಬದಿಗಿಟ್ಟು, ಬರಿ ಕೈಯಲ್ಲಿ ಉಳಿ ಒತ್ತಿ, ತೆಳ್ಳಗೆ ಕೆರೆಯಬೇಕು. ತಳ ತೆಂಗಿನ ಗೆರಟೆಯ ಒಳಗಿನಂತೆ ಇರಬೇಕು.

ಯಾಕೆಂದರೆ ಚೆನ್ನೆ ಆಡುವುದು ಬೆರಳು. ಗುಳಿಗೆ ನಾಲ್ಕರಂತೆ 56 ಕಾಳು. ಒಂದು ಗುಳಿಯದನ್ನು ಪೂರ್ತಿ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ತಳ ಚಪ್ಪಟೆಯಾಗಿದ್ದರೆ ಕಾಳು ಮೂಲೆಗೆ ಸರಿದು ಕೂರುತ್ತದೆ, ಉಗುರು ಹಾಕಿ ಎಬ್ಬಿಸಬೇಕು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಮಣೆಗಳ ಕಥೆ ಇದೇ. ಮೆಷಿನ್‌ನಲ್ಲಿ ಕೊರೆದ ಗುಳಿ, ಮೇಲೆ ಗಟ್ಟಿ ವಾರ್ನಿಶ್. ಶೋಕೇಸಿಗೆ ಸರಿ, ಆಟಕ್ಕಲ್ಲ. ಮಣೆಯ ಬದಿಗೆ ಒಂದು ಬಳ್ಳಿ ಕೆತ್ತು ಅಂತ ತಮ್ಮ ಸಲಹೆ ಕೊಟ್ಟ. ಬೇಡ ಅಂದೆ. ಚಂದ ಜಾಸ್ತಿಯಾದರೆ ಅದನ್ನು ಗೋಡೆಗೆ ನೇತು ಹಾಕಿಬಿಡುತ್ತಾರೆ.

ಮಣೆಗೆ ಹಚ್ಚುವ ಎಣ್ಣೆ ಅಗಸೆಯದು, ತೆಂಗಿನದಲ್ಲ. ತೆಂಗಿನೆಣ್ಣೆ ಒಣಗಿ ಗಟ್ಟಿಯಾಗುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬಾರದು. ಅದು ಒಣಗುವಾಗ ತನ್ನಷ್ಟಕ್ಕೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಬೇಕು.

ಆಡುವ ಕಾಳು ಮಂಜೊಟ್ಟಿ, ಮರದಲ್ಲಿ ಬಿಡುವ ಕೆಂಪು ಬೀಜ. ಕಣ್ಣಿಗೆ ಗುಲಗಂಜಿ ಇನ್ನೂ ಚಂದ, ಆದರೆ ಅದು ವಿಷ. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಅದೇ ಮಕ್ಕಳ ವಿಷಯಕ್ಕೆ ಅಮ್ಮ ಮಧ್ಯಾಹ್ನ ತಕರಾರು ತೆಗೆದರು. "ಅವಳಿಗೆ ಎರಡು ಹೆಣ್ಣಲ್ವಾ? ಅಕ್ಕತಂಗಿ ಇರುವ ಮನೆಗೆ ಚೆನ್ನೆಮಣೆ ಕೊಡ್ಲಿಕ್ಕೆ ಹೊರಟಿದ್ದೀಯಲ್ಲ ಮಾರಾಯಾ!"

ನಮ್ಮ ತುಳುನಾಡಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಸಿರಿ ಪಾಡ್ದನ ಅನ್ನುವ ತುಳು ಜನಪದ ಕಥನ ಹಾಡಿನ ಅಬ್ಬಗ-ದಾರಗ ಅವಳಿ ಅಕ್ಕತಂಗಿಯರು. ಚೆನ್ನೆ ಆಡುತ್ತಾ ಜಗಳ ಹತ್ತಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದಳು. ಪೆಟ್ಟು ತಿಂದವಳು ಸತ್ತಳು, ಹೊಡೆದವಳು ಬಾವಿಗೆ ಹಾರಿದಳು. ಅದಕ್ಕೇ ಒಡಹುಟ್ಟಿದ ಹೆಣ್ಣುಮಕ್ಕಳು ಎದುರುಬದುರು ಕೂತು ಚೆನ್ನೆ ಆಡಬಾರದು ಅನ್ನುತ್ತಾರೆ. ಆಟಿ, ಅಂದರೆ ಮಳೆಗಾಲದ ತುಳು ತಿಂಗಳ ಆಟ ಇದು. ಮುಂದಿನ ಭಾನುವಾರವೇ ಆಟಿ ಅಮಾವಾಸ್ಯೆ, ಅಮ್ಮನಿಗೆ ಇದೆಲ್ಲ ನೆನಪಾಗದೆ ಇರುತ್ತದೆಯೇ?

ಮಣೆಯನ್ನು ಕೈಯಲ್ಲಿ ಎತ್ತಿ ನೋಡಿದೆ. ಎರಡಿಂಚು ದಪ್ಪದ ಹಲಸು. ಅಮ್ಮನ ಮಾತು ತೆಗೆದುಹಾಕುವಂಥದ್ದಲ್ಲ.

ಸಂಜೆ ಚಹಾ ಕೊಡುವಾಗ ಅವರೇ ದಾರಿ ಹುಡುಕಿದ್ದರು. "ದೊಡ್ಡವಳು ಅಪ್ಪನ ಎದುರು ಕೂರಲಿ, ಸಣ್ಣವಳು ಅಮ್ಮನ ಎದುರು. ಹಾಗಂತ ಒಂದು ಚೀಟಿ ಬರ್ದು ಇಡು."

"ಇರುವುದು ಒಂದೇ ಮಣೆ ಅಲ್ವಾ? ಯಾರು ಮೊದಲು ಅಂತ ಅದಕ್ಕೂ ಜಗಳ ಆದರೆ?"

"ಹಾಗಾದ್ರೆ ಇನ್ನೊಂದು ಮಾಡು."

ತೊಲೆಯಲ್ಲಿ ಇನ್ನೂ ಮೂರಡಿ ಉಳಿದಿದೆ ಅಂತ ಅವರಿಗೆ ಗೊತ್ತು.