ಬಾಲಕ್ಕೆ ಹಾಕಿದ ತೇಪೆ

"ದೊಡ್ಡಪ್ಪ, ಇದೇನು ಬಾಲಕ್ಕೆ ಹೀಗೆ ತೇಪೆ ಹಾಕಿದ್ದಾರೆ?" ಎಂದು ತಮ್ಮನ ಮಗಳು ಕೇಳಿದಳು. ಲಂಡನ್ನಿನ ಹೆಂಡನ್‌ನಲ್ಲಿರುವ ಆರ್‌ಎಎಫ್, ಅಂದರೆ ಬ್ರಿಟಿಷ್ ವಾಯುಪಡೆಯ, ಮ್ಯೂಸಿಯಂನಲ್ಲಿದ್ದೆವು. ಎದುರಿಗೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಟೈಫೂನ್, ಕ್ರಮಸಂಖ್ಯೆ ಎಂಎನ್ 235. ತಯಾರಾದ 3,300ಕ್ಕೂ ಹೆಚ್ಚು ಟೈಫೂನ್‌ಗಳಲ್ಲಿ ಇಡಿಯಾಗಿ ಉಳಿದಿರುವುದು ಇದೊಂದೇ. 1944ರಲ್ಲಿ ಪರೀಕ್ಷೆಗೆಂದು ಅಮೆರಿಕಕ್ಕೆ ಕಳಿಸಿದ್ದರಿಂದ ಗುಜರಿಗೆ ಹೋಗದೆ ಬದುಕಿಕೊಂಡಿತು.

ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳನ್ನು ಅಲುಗಾಡಿಸಿ, ಬಗ್ಗಿಸಿ, ಬಿರುಕು ಬಿಡುವವರೆಗೂ ಪರೀಕ್ಷೆ ಮಾಡುವುದೇ ನನ್ನ ನೌಕರಿಯಾಗಿತ್ತು. ಹಾಗಾಗಿ ಆ ತೇಪೆಗಳನ್ನು ನೋಡಬೇಕೆಂಬ ಆಸೆ ಬಹಳ ಹಳೆಯದು. ಬಾಲದ ಭಾಗ ಒಡಲಿಗೆ ಸೇರುವ ಜಾಗದಲ್ಲಿ ಅಂಗೈಯಗಲದ ಲೋಹದ ಪಟ್ಟಿಗಳನ್ನು ಸುತ್ತಲೂ ಸಾಲಾಗಿ ಇಟ್ಟು ರಿವೆಟ್ ಹೊಡೆದಿದ್ದಾರೆ. ಮೇಲಿನ ಬಣ್ಣ ಒಂದೇ ಆದರೂ ಪಟ್ಟಿಗಳ ಅಂಚು ಎದ್ದು ಕಾಣುತ್ತದೆ. ಮೂಲ ನಕ್ಷೆಯಲ್ಲಿ ಇವು ಇರಲಿಲ್ಲ. ಇವು ಬಂದದ್ದು ಕೆನೆತ್ ಸೆತ್-ಸ್ಮಿತ್ ಎಂಬ ಪರೀಕ್ಷಾ ಪೈಲಟ್ ತೀರಿಕೊಂಡ ಮೇಲೆ.

ಕತೆ ಅದಕ್ಕೂ ಎರಡು ವರ್ಷ ಹಿಂದಿನಿಂದ ಶುರುವಾಗುತ್ತದೆ. 1940ರ ಮೇ 9ರಂದು ಟೈಫೂನ್ ತಯಾರಿಸಿದ ಹಾಕರ್ ಕಂಪನಿಯ ಪರೀಕ್ಷಾ ಪೈಲಟ್ ಫಿಲಿಪ್ ಲೂಕಸ್ ಮೊದಲ ಮಾದರಿಯನ್ನು ಹಾರಿಸುತ್ತಿದ್ದರು. ಅವರ ಸೀಟಿನ ಹಿಂದೆಯೇ, ಮುಂಭಾಗವೂ ಹಿಂಭಾಗವೂ ಕೂಡುವಲ್ಲಿ ಒಡಲು ಬಿರಿಯಿತು. ತಿರುಗಿ ನೋಡಿದರೆ ಬಿರುಕಿನಿಂದ ಹೊರಗಿನ ಬೆಳಕು ಕಾಣುತ್ತಿತ್ತಂತೆ. ಪ್ಯಾರಾಚೂಟ್ ಹಾಕಿಕೊಂಡು ಹಾರಿಬಿಡಬಹುದಿತ್ತು. ಹಾರಲಿಲ್ಲ, ವಿಮಾನವನ್ನು ಇಳಿಸಿದರು. ಅದಕ್ಕೇ ಜಾರ್ಜ್ ಪದಕ ಬಂತು. ನಾನು ಆ ಪದಕಕ್ಕಿಂತ ಹೆಚ್ಚು ಬೆಲೆ ಕೊಡುವುದು ನೆಲಕ್ಕೆ ಮರಳಿ ಬಂದ ಆ ಬಿರುಕಿಗೆ. ಎಂಜಿನಿಯರುಗಳು ಅದನ್ನು ಕೈಯಿಂದ ಮುಟ್ಟಿ ನೋಡಬಹುದಿತ್ತು.

1942ರ ಆಗಸ್ಟ್ 11ರಂದು ಲೂಕಸ್ ಬದಲಿಗೆ ಸೆತ್-ಸ್ಮಿತ್ ಹೋದರು. ಕಸರತ್ತಿನ ಹಾರಾಟವಲ್ಲ, ಡೈವ್ ಕೂಡ ಅಲ್ಲ. ಹಾಕರ್‌ನ ಲ್ಯಾಂಗ್ಲಿ ನೆಲೆಯಿಂದ ಹೊರಟು ನೇರವಾಗಿ, ಸಮತಟ್ಟಾಗಿ ವೇಗದ ಅಳತೆ ತೆಗೆಯುವುದಷ್ಟೇ ಕೆಲಸ. ಸರ್ರಿಯ ಥಾರ್ಪ್ ಹಳ್ಳಿಯ ಮೇಲೆ ವಿಮಾನ ಚೂರಾಯಿತು. ಅದೇ ಊರಿನ ಹೆಸರಿನ ಪಾರ್ಕಿಗೆ ತಮ್ಮನ ಮಗಳು ಮಕ್ಕಳನ್ನು ಆಡಿಸಲು ಕರೆದೊಯ್ದಿದ್ದಳು. ಹೆಸರು ಕೇಳಿದ್ದೇ ಅವಳ ಮುಖ ಸಪ್ಪಗಾಯಿತು.

ಅವಶೇಷ ಹೇಳಿದ್ದು ಇಷ್ಟು: ಬಾಲದಲ್ಲಿ ಮೇಲೆ ಕೆಳಗೆ ಆಡುತ್ತ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರಿನ ಮಾಸ್ ಬ್ಯಾಲೆನ್ಸ್ ಹಿಡಿತ ಬಿಟ್ಟು ಕಿತ್ತುಬಂದಿತ್ತು. ಏತದ ಹಿಂಬದಿಗೆ ಕಲ್ಲು ಕಟ್ಟುವ ಹಾಗೆ, ಎಲಿವೇಟರ್ ತನ್ನಷ್ಟಕ್ಕೆ ತುಯ್ದಾಡದಿರಲೆಂದು ಕೂಡಿಸಿದ ತೂಕ ಅದು. ಅದು ಹೋದರೆ ವೇಗದಲ್ಲಿ ಎಲಿವೇಟರ್ ನಡುಗಲು ಶುರುಮಾಡುತ್ತದೆ. ನಾವು ಫ್ಲಟರ್ ಅನ್ನುವುದು ಇದನ್ನೇ. ಪ್ರತಿ ನಡುಕಕ್ಕೂ ಗಾಳಿಯೇ ಬಲ ಕೊಡುವುದರಿಂದ ಅದು ತಾನಾಗಿ ನಿಲ್ಲುವುದಿಲ್ಲ, ಬೆಳೆಯುತ್ತದೆ. ಟೈಫೂನಿನ ಬಾಲವೇ ಮುರಿದು ಹೋಯಿತು. ಪೈಲಟ್ ಏನಾಯಿತೆಂದು ತಿಳಿದು ಕೈ ಆಡಿಸುವಷ್ಟು ಹೊತ್ತು ಇಂಥದ್ದರಲ್ಲಿ ಸಿಗುವುದಿಲ್ಲ.

ನನ್ನನ್ನು ಇಷ್ಟು ವರ್ಷ ಕಾಡಿದ್ದು ಮುಂದಿನ ಸಂಗತಿ. ಅದಕ್ಕೆ ಮೊದಲೂ ಟೈಫೂನ್‌ಗಳು ಬಿದ್ದಿದ್ದವು, ಆಗ ಪೈಲಟ್‌ಗಳ ತಪ್ಪಿರಬೇಕೆಂಬ ಗುಮಾನಿ ಇತ್ತು. ಸೆತ್-ಸ್ಮಿತ್ ಸತ್ತಾಗ ಮಾತ್ರ ವಿನ್ಯಾಸಕಾರ ಸಿಡ್ನಿ ಕ್ಯಾಮ್ ಮತ್ತು ಅವರ ತಂಡ ಪೈಲಟ್ ತಪ್ಪೆಂಬ ಮಾತನ್ನು ತಕ್ಷಣವೇ ತಳ್ಳಿಹಾಕಿದರು. ಆತನ ಕೈ ಎಂಥದ್ದೆಂದು ಅವರಿಗೆ ಗೊತ್ತಿತ್ತು. ಸ್ಕ್ವಾಡ್ರನ್ನಿನ ಹುಡುಗರ ಪರವಾಗಿ ಅಷ್ಟು ಖಚಿತವಾಗಿ ಹೇಳುವವರು ಕಾರ್ಖಾನೆಯಲ್ಲಿ ಯಾರಿದ್ದರು? ಸತ್ತವನ ಪರಿಚಯ ಇದ್ದವರಿದ್ದರೆ ಯಂತ್ರದ ಕಡೆಗೆ ಬೆರಳು ತಿರುಗುತ್ತದೆ ಎಂಬುದು ನನಗೆ ಈಗಲೂ ಸಂಕಟ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬ ಕಿರಿಯ ಪೈಲಟ್, ವಿಮಾನ ನಡೆಸುವ ಕಡ್ಡಿ ಕೈಯಲ್ಲಿ ನಡುಗುತ್ತದೆಂದು ಬರೆದುಕೊಟ್ಟಿದ್ದ. ಅವನು ಬಿಗಿಯಾಗಿ ಹಿಡಿಯುತ್ತಾನೆಂದು ಶೆಡ್ಡಿನಲ್ಲಿ ಮಾತಾಯಿತು. ನಮ್ಮ ಹಿರಿಯರೊಬ್ಬರು ಮಾತ್ರ "ಹುಡುಗನ ವಿಷಯ ಆಮೇಲೆ, ಮೊದಲು ಹಿಂಜ್ ಬಿಚ್ಚಿ" ಎಂದರು. ಬಿಚ್ಚಿದರೆ ಹಿಂಜಿನೊಳಗಿನ ಬಳೆ, ಬುಷ್, ಸವೆದಿತ್ತು. ಎಲಿವೇಟರನ್ನು ಬೆರಳಲ್ಲಿ ಒತ್ತಿದರೂ ಟಕ್ ಟಕ್ ಎಂದು ಆಡುತ್ತಿತ್ತು. ತಮ್ಮನ ಮಗಳಿಗೆ ಅದನ್ನೂ ಅಲ್ಲೇ ನಿಂತು ಹೇಳಿದೆ.

ಸೆತ್-ಸ್ಮಿತ್ ಹೋಗಿ ಒಂದು ತಿಂಗಳಾಗಿತ್ತು. ಸೆಪ್ಟೆಂಬರ್ 12ರಂದು ಕ್ಯಾಪ್ಟನ್ ವ್ಯಾಲೆಂಟೈನ್ ಬೇಕರ್ ಮಾರ್ಟಿನ್-ಬೇಕರ್ ಎಂಬಿ 3 ವಿಮಾನ ಹಾರಿಸಿದರು. ಟೈಫೂನಿನಲ್ಲಿದ್ದ 24 ಸಿಲಿಂಡರಿನ ನೇಪಿಯರ್ ಸೇಬರ್ ಎಂಜಿನ್ನೇ ಇದಕ್ಕೂ. ಟೇಕಾಫ್ ಆಗುತ್ತಿದ್ದಂತೆ ಎಂಜಿನ್ ಕೈಕೊಟ್ಟಿತು, ಹೊಲವೊಂದರಲ್ಲಿ ಇಳಿಸಲು ಹೋಗಿ ಬೇಕರ್ ತೀರಿಕೊಂಡರು. ಪಾಲುದಾರ, ಗೆಳೆಯ ಜೇಮ್ಸ್ ಮಾರ್ಟಿನ್ ಆಮೇಲೆ ಪೈಲಟ್ ಜೀವ ಉಳಿಸುವುದಕ್ಕೇ ತಮ್ಮನ್ನು ತೆತ್ತುಕೊಂಡರು. ನಮ್ಮ ತರಬೇತಿ ವಿಮಾನ ಕಿರಣ್‌ನಲ್ಲಿ, ತೇಜಸ್‌ನಲ್ಲಿ ಕೂತವರ ಕೆಳಗಿರುವುದು ಆ ಕಂಪನಿಯ ಇಜೆಕ್ಷನ್ ಸೀಟೇ, ಅಪಾಯದಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಸೀಟು. ಕಿರಣ್‌ ಹತ್ತಿರ ಹೋದಾಗಲೆಲ್ಲ ನಾನು ಮೊದಲು ನೋಡುತ್ತಿದ್ದದ್ದು ಸೀಟಿನ ಸೇಫ್ಟಿ ಪಿನ್ ಹಾಕಿದೆಯೇ ಎಂದು, ಆಗೆಲ್ಲ ಬೇಕರ್ ನೆನಪಾಗುತ್ತಿದ್ದರು.

"ತೇಪೆ ಹಾಕಿದ ಮೇಲೆ ಸರಿಹೋಯಿತಾ?" ಎಂದಳು.

ಪೂರ್ತಿ ಹೋಗಲಿಲ್ಲ. ಒಳಗೂ ಬಲಪಡಿಸಿದರು, ಆದರೂ ಟೈಫೂನ್ ಸೇವೆಯಲ್ಲಿ ಇರುವವರೆಗೂ ಆಗೊಂದು ಈಗೊಂದು ಬಾಲ ಮುರಿಯುತ್ತಲೇ ಇತ್ತು.

"ಗೊತ್ತಿದ್ದೂ ಹಾರಿಸಿದರಾ ದೊಡ್ಡಪ್ಪ?"

ಹಾರಿಸಿದರು. ಇಂಗ್ಲೆಂಡಿನ ಕರಾವಳಿಗೆ ತಗ್ಗಿನಲ್ಲಿ ನುಗ್ಗಿ ಬಾಂಬ್ ಹಾಕಿ ಓಡುತ್ತಿದ್ದ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನಗಳನ್ನು ಅಟ್ಟಿ ಹಿಡಿಯಲು ಆ ಎತ್ತರದಲ್ಲಿ ಅಷ್ಟು ವೇಗದ ವಿಮಾನ ಬೇಕಿತ್ತು. 1944ರಲ್ಲಿ ನಾರ್ಮಂಡಿಯಲ್ಲಿ ರಾಕೆಟ್ ಹೊತ್ತು ಸೈನ್ಯದ ಮುಂದೆ ಹೋದದ್ದೂ ಇವೇ. ಸ್ಕ್ವಾಡ್ರನ್ನುಗಳಲ್ಲಿ ಬಾಲದ ವಿಷಯ ಗುಟ್ಟಾಗಿರಲಿಲ್ಲ. ಪಟ್ಟಿಗಳು ಹೊರಗೇ ಕಾಣುತ್ತಿದ್ದವಲ್ಲ, ಹತ್ತುವ ಮೊದಲು ಸುತ್ತು ಹಾಕುವಾಗ ಪ್ರತಿಯೊಬ್ಬನೂ ಅವುಗಳ ಪಕ್ಕದಲ್ಲೇ ಹಾದುಹೋಗಬೇಕಿತ್ತು.