ಮಾತ್ರೆ ಡಬ್ಬಿ

ಇವತ್ತು ನನ್ನ ತಮ್ಮ ವಾರದ ಮಾತ್ರೆಗಳನ್ನೆಲ್ಲ ತಾನೇ ಡಬ್ಬಿಗೆ ತುಂಬಿಸಿಕೊಂಡ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಜೈಲಿನಲ್ಲಿ ಒಂದೊಂದು ಮಾತ್ರೆಯನ್ನೂ ಸಿಬ್ಬಂದಿ ಎದುರೇ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕಿತ್ತಂತೆ.

ಮೊದಲು ಕಿಡ್ನಿ ಕೈಕೊಟ್ಟಿತು, ಆಮೇಲೆ ಖಿನ್ನತೆ, ಆಮೇಲೆ ಜೈಲು. ಜನ ಕೊನೆಯದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ, ಅಲ್ವಾ?

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ, ಹೊರಗಿನವರಿಗೆ ಸಿಗುವಂಥ ಚಿಕಿತ್ಸೆಯೇ ಕೈದಿಗೂ ಸಿಗಬೇಕು, ಅದು ನಡುವೆ ತುಂಡಾಗಬಾರದು ಅಂತಿದೆ. ಕಿಡ್ನಿ ಮಾತ್ರೆ ಹೇಗೋ ಸಿಗುತ್ತಿತ್ತು. ಖಿನ್ನತೆಯದು ವಾರಗಟ್ಟಲೆ ಇಲ್ಲ, ಕೇಳಿದರೆ 'ಸುಮ್ನೆ ನಾಟಕ' ಅಂದರಂತೆ. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ನಾಳೆ ಡಾಕ್ಟರ ಹತ್ತಿರ ಒಬ್ಬನೇ ಹೋಗುತ್ತಾನಂತೆ. ಹೋಗಲಿ ಅಂದೆ.